ಸಲ್ವಾದ ಗ್ಯಾರೇಜಿಗೆ ಕಿಟಕಿ

ತೆರೆಯಲು ಬಾರದ, ಗೋಡೆಗೆ ಗಟ್ಟಿಯಾಗಿ ಕೂಡಿಸಿದ ಗಾಜು ಸಾಕೆಂದರೆ ಹದಿನೆಂಟು ದಿನಾರು. ಪಕ್ಕಕ್ಕೆ ಸರಿಯುವ ಎರಡು ಕದದ ಕಿಟಕಿಗೆ ಇಪ್ಪತ್ತೈದು. ಹೊರಕ್ಕೆ ತೆರೆದುಕೊಳ್ಳುವಂಥದ್ದು ಬೇಕು, ಸೊಳ್ಳೆ ಜಾಲರಿಯೂ ಬೇಕು ಎಂದರೆ ಮೂವತ್ತೆರಡು. ಎರಡು ಪದರದ ಗಾಜು ಹಾಕಿಸಿದರೆ ಚಳಿಗೂ ಆಯಿತು, ಬಿಸಿಲಿಗೂ ಆಯಿತು, ಆದರೆ ಬೆಲೆ ಒಂದೂವರೆ ಪಟ್ಟಾಗುತ್ತದೆ. ಇದೆಲ್ಲ ಬರೀ ಕಿಟಕಿಯ ಮಾತು. ಬೋಳು ಗೋಡೆಯಲ್ಲಿ ಕಿಟಕಿ ಇಡಬೇಕೆಂದರೆ ಗೋಡೆ ಕೊರೆಯುವ ಕೂಲಿ ಹದಿನೈದು ಬೇರೆ, ಒಡೆದ ಕಲ್ಲುಮಣ್ಣು ಸಾಗಿಸುವ ವ್ಯಾನಿಗೆ ಮೂರು ಬೇರೆ.

ಈ ಲೆಕ್ಕವನ್ನು ಬಾಳಾಸಾಹೇಬ ಕುವೈತಿನ ಸಲ್ವಾ ಬಡಾವಣೆಯ ಒಂದು ದೊಡ್ಡ ಮನೆಯ ಗ್ಯಾರೇಜಿನಲ್ಲಿ ನಿಂತು, ಅರ್ಧ ಅರಬ್ಬಿ ಅರ್ಧ ಹಿಂದಿಯಲ್ಲಿ, ಮನೆಯ ಯಜಮಾನ ಅಬು ಮಿಶಾರಿಗೆ ಒಪ್ಪಿಸಿದ. ಅಬು ಮಿಶಾರಿ ಜಪಮಾಲೆ ಎಣಿಸುತ್ತ ಕೇಳಿಸಿಕೊಂಡ. ದುಡ್ಡಿಗೆ ಹಿಂದೆ ಮುಂದೆ ನೋಡುವ ಮನುಷ್ಯನಲ್ಲ ಅವನು. ಅವನಿಗಿದ್ದ ಚಿಂತೆ ಒಂದೇ, ಕಿಟಕಿ ಯಾವ ಗೋಡೆಗೆ?

ಬಾಳಾಸಾಹೇಬ ಜಮಖಂಡಿ ಕಡೆಯವನು. ಶುವೈಖ್‌ನ ಅಲ್ಯುಮಿನಿಯಂ ವರ್ಕ್‌ಶಾಪಿನಲ್ಲಿ ಕಿಟಕಿ ಬಾಗಿಲು ಮಾಡುತ್ತ ಅವನ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಈ ಸಲ ಮಾಡಬೇಕಾಗಿದ್ದ ಕೆಲಸ ಮಾತ್ರ ಗಿರಾಕಿಯದಲ್ಲ, ಸ್ವಂತದ್ದು. ಅವನ ಒಡಹುಟ್ಟಿದ ಅಕ್ಕ ಕಲ್ಲವ್ವ ಅದೇ ಮನೆಯಲ್ಲಿ ಅಡುಗೆಯವಳು. ಗಂಡ ತೀರಿಕೊಂಡ ಮೇಲೆ ಊರ ಕಡೆಯ ಒಬ್ಬ ಇಂಜಿನಿಯರರ ಕುಟುಂಬದ ಜೊತೆ ಕುವೈತಿಗೆ ಬಂದವಳು, ಅವರು ಹೊರಟುಹೋದ ಮೇಲೂ ಇಲ್ಲೇ ನಿಂತಳು. ತಮ್ಮನಿಗೆ ವೀಸಾ ಕೊಡಿಸಿದವಳೂ ಅವಳೇ. ಇಷ್ಟು ವರ್ಷ ಇಸ್ತ್ರಿ ಮಾಡುವ ಕೋಣೆಯ ಮೂಲೆಯಲ್ಲಿ ಮಲಗುತ್ತಿದ್ದಳು. ಈಗ ಮನೆಗೆ ಸೊಸೆ ಬರುವವಳಿದ್ದಳು, ಆ ಕೋಣೆ ಬೇಕಾಗಿತ್ತು. ಎರಡು ಗಾಡಿ ನಿಲ್ಲುವ ಗ್ಯಾರೇಜಿನ ಹಿಂಭಾಗಕ್ಕೆ ಜಿಪ್ಸಮ್ ಬೋರ್ಡಿನ ಅಡ್ಡಗೋಡೆ ಹಾಕಿ ಅವಳಿಗೊಂದು ಕೋಣೆ, ಅದಕ್ಕೆ ಅಂಟಿಕೊಂಡು ಒಂದು ಬಚ್ಚಲು ಮಾಡಿಕೊಡುವುದೆಂದು ಯಜಮಾನ ಒಪ್ಪಿದ್ದ.

"ಈ ಗೋಡೆಗೆ ಇಡೋಣ" ಎಂದು ಬಾಳಾಸಾಹೇಬ ಬಲಗಡೆಯ ಗೋಡೆ ತಟ್ಟಿದ.

"ಲಾ, ಲಾ" ಎಂದು ಅಬು ಮಿಶಾರಿ ಬೇಡವೆನ್ನುತ್ತ ಕೈಯಾಡಿಸಿದ. ಗೋಡೆಯ ಆಚೆ ಪಕ್ಕದ ಮನೆಯ ಹಾಜಿಯ ಅಂಗಳ. ಅಲ್ಲಿ ಅವರ ಹೆಂಗಸರು ಬಟ್ಟೆ ಒಣಗಿಸುತ್ತಾರೆ. ಕಿಟಕಿ ಎಷ್ಟೇ ಎತ್ತರಕ್ಕಿಟ್ಟರೂ ಹಾಜಿ ನೇರ ಬಲದಿಯಾಕ್ಕೆ, ಅಂದರೆ ನಗರಸಭೆಗೆ, ದೂರು ಕೊಡುವ ಪೈಕಿ. ಹಿಂದಿನ ಗೋಡೆಯ ಆಚೆ ಅಬು ಮಿಶಾರಿಯದೇ ಒಳಅಂಗಳ, ಮನೆಯ ಹೆಂಗಸರು ಕೂತು ಚಹಾ ಕುಡಿಯುವ ಜಾಗ. ಅದೂ ಬೇಡ. ಎಡಗಡೆ ಅಡುಗೆಮನೆಗೆ ಹೋಗುವ ಓಣಿ, ಅಲ್ಲಿ ಕೋಣೆಯ ಬಾಗಿಲು ಇಟ್ಟಾಗಿತ್ತು. ಉಳಿದದ್ದು ಅಡ್ಡಗೋಡೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಕೊರೆಯುವ ಕೂಲಿಯೂ ಇಲ್ಲ. ಅಲ್ಲಿ ಕಿಟಕಿ ಇಟ್ಟರೆ ಗ್ಯಾರೇಜಿನ ಬೆಳಕಾದರೂ ಒಳಗೆ ಬೀಳುತ್ತದೆ.

"ಗಾಡಿ ನೋಡ್ಕೋತ ಕುಂದ್ರೂದು ಹಂಗಾರ" ಎಂದು ಕಲ್ಲವ್ವ ಬಾಗಿಲ ಹತ್ತಿರದಿಂದ ನಕ್ಕಳು. "ಇರಲಿ ಬಿಡೋ ಬಾಳೂ. ಇಷ್ಟು ದಿನಾ ಇಸ್ತ್ರಿ ಪೆಟ್ಟಿಗಿ ನೋಡ್ಕೋತ ಮಲಗಿಲ್ಲೇನು?"

ಬಾಳಾಸಾಹೇಬನಿಗೆ ನಗು ಬರಲಿಲ್ಲ. ಒಳಗೆ ಬಂದಾಗಿನಿಂದ ಅವನ ಎದೆಯಲ್ಲಿ ಏನೋ ಭಾರ ಕೂತಿತ್ತು. ಹಿಂದಿನ ವರ್ಷದ ಚಳಿಗಾಲದಲ್ಲಿ ಅವನ ವರ್ಕ್‌ಶಾಪಿನ ಇಬ್ಬರು ರಜೆಗೆಂದು ಮರುಭೂಮಿಯ ಒಂದು ತೋಟಕ್ಕೆ ಹೋಗಿ, ಡೇರೆಯ ಒಳಗೆ ಇದ್ದಿಲ ಕೆಂಡ ಇಟ್ಟುಕೊಂಡು ಮಲಗಿದವರು ಮತ್ತೆ ಏಳಲಿಲ್ಲ. ಗುರುತು ಹಿಡಿಯಲು ಕರೆಸಿದ್ದು ಬಾಳಾಸಾಹೇಬನನ್ನೇ. ಹೆಣದ ಹಾಗಿರಲಿಲ್ಲ ಆ ಮುಖಗಳು. ಕೆನ್ನೆ ಕೆಂಪಗೆ, ತುಟಿ ಕೆಂಪಗೆ, ಓಡಿ ಬಂದು ದಣಿದು ಮಲಗಿದವರ ಹಾಗಿದ್ದವು. ಕೆಂಡದ ವಿಷಗಾಳಿ ಏರಿಸಿದ ಆ ಕೆಂಪು ಅವನ ಕಣ್ಣಿಂದ ಹೋಗಿರಲಿಲ್ಲ. ಅದಕ್ಕೇ ಅವನು ಕಿಟಕಿಯ ಮಾತು ಮುಗಿಯುವ ಮೊದಲೇ, ಆಗಲೇ ಅಲ್ಲಿಗೆ ತಂದಿಟ್ಟಿದ್ದ ಅಕ್ಕನ ಸಾಮಾನು ಕೆದಕಿ ನೋಡಿದ. ಮಂಚದ ಕೆಳಗೆ ಒಂದು ಶೆಗಡಿ ಇತ್ತು, ಪಕ್ಕದಲ್ಲಿ ಇದ್ದಿಲ ಚೀಲ.

"ಇದ್ಯಾಕ ಬೇಕು ನಿನಗ?"

"ಥಂಡಿಗೆ ಕೈಕಾಲು ಕಾಸ್ಕೊಳ್ಳಾಕ. ಮಾಮಾ ಕೊಟ್ಟಾಳ." ಮನೆಯೊಡತಿಯನ್ನು ಕೆಲಸದವರೆಲ್ಲ ಮಾಮಾ, ಯಜಮಾನನನ್ನು ಬಾಬಾ ಎಂದೇ ಕರೆಯುತ್ತಿದ್ದರು.

"ಸಾಯಬೇಕಂತ ಮಾಡೀಯೇನು? ನಾ ಕರೆಂಟ್ ಹೀಟರ್ ತಂದು ಕೊಡ್ತೇನಿ. ಕೆಂಡ ಈ ಖೋಲ್ಯಾಗ ಕಾಲಿಡಬಾರದು."

"ಏ, ಬೆದರಸಬ್ಯಾಡೋ! ಹುಟ್ಟಿದಾಗಿಂದ ಕೆಂಡದ ಮುಂದ ಕುಂತು ಬದುಕೇನಿ ನಾನು."

"ಊರಾಗಿನ ಮನಿಗೆ ಹಂಚು ಇತ್ತವಾ. ಗಾಳಿ ಬರತಿತ್ತು, ಹೋಗತಿತ್ತು. ಇಲ್ಲಿ ಹಂಗಿಲ್ಲ."

ಶೆಗಡಿಯನ್ನೂ ಚೀಲವನ್ನೂ ತಾನೇ ಎತ್ತಿಕೊಂಡು ಹೋಗಿ ವ್ಯಾನಿನಲ್ಲಿ ಹಾಕಿದ. ಹಾಕಿದ ಮೇಲೆ ಎದೆಯ ಭಾರ ಅರ್ಧ ಇಳಿಯಿತು. ಅಪಾಯವನ್ನು ಕೈಯಾರೆ ಹೊರಗೆ ತಂದ ಸಮಾಧಾನ ಅದು.

ಕೆಲಸ ಚೆನ್ನಾಗಿ ಆಯಿತು. ಕುವೈತಿನಲ್ಲಿ ಕಿಟಕಿ ಮಾಡುವವನಿಗೆ ಗಾಳಿಯೇ ವೈರಿ. ಬೇಸಿಗೆಯಲ್ಲಿ ಮರಳು, ಚಳಿಗಾಲದಲ್ಲಿ ಬಡಗಣ ಗಾಳಿ. ಕೂದಲೆಳೆಯಷ್ಟು ಸಂದು ಸಿಕ್ಕಿದರೂ ಒಳಗೆ ಬಂದು ಹಾಸಿಗೆಯ ಮೇಲೆ ಕೂರುತ್ತವೆ. ಯಾರೂ ಇಲ್ಲಿ ಕಿಟಕಿಯನ್ನು ತೆರೆಯಲೆಂದು ಹಾಕಿಸುವುದಿಲ್ಲ. ಬೆಳಕಿಗೆಂದು ಹಾಕಿಸುತ್ತಾರೆ, ಮುಚ್ಚಿಡುತ್ತಾರೆ. ಬಾಳಾಸಾಹೇಬ ಕೂಡಿಸಿದ ಕಿಟಕಿಯಲ್ಲಿ ದೂಳಿನ ಕಣವೂ ನುಸುಳದೆಂದು ಶುವೈಖ್‌ನಲ್ಲಿ ಹೆಸರಿತ್ತು. ಅಕ್ಕನ ಕೋಣೆಗೆ ಅವನು ಇನ್ನೂ ಮುತುವರ್ಜಿ ವಹಿಸಿದ. ಗೋಡೆ ಮತ್ತು ಮಾಳಿಗೆ ಸೇರುವಲ್ಲಿ ಸಿಲಿಕಾನ್ ಹೊಡೆದ. ಓಣಿಯ ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹಚ್ಚಿದ. ಏಸಿಗೆಂದು ಬಿಟ್ಟಿದ್ದ ತೂತನ್ನು, ಬೇಸಿಗೆ ಬಂದಾಗ ನೋಡೋಣ ಎಂದು, ಥರ್ಮಕೋಲ್ ತುಂಬಿ ಮುಚ್ಚಿದ. ಬಚ್ಚಲಿನಲ್ಲಿ ಹಬೆ ನಿಲ್ಲಬಾರದೆಂದು ಒಂದು ಎಕ್ಸಾಸ್ಟ್ ಫ್ಯಾನ್ ಕೂಡಿಸಿ, ಪೈಪನ್ನು ಮಾಳಿಗೆಯ ಮೇಲಕ್ಕೆ ಹಾಯಿಸಿದ. ಅಡ್ಡಗೋಡೆಗೆ ಸರಿಯುವ ಕಿಟಕಿ ಇಟ್ಟ.

"ಉಸಿರು ಕಟ್ಟಿದಂಗ ಆದರ ಈ ಕದಾ ಒಂದು ಗೇಣು ಸರಸು, ಗಾಳಿ ಬರತೈತಿ" ಎಂದು ಅಕ್ಕನಿಗೆ ತೋರಿಸಿಕೊಟ್ಟ.

ಕಲ್ಲವ್ವ ಕೋಣೆಯ ನಡುವೆ ನಿಂತು ಅಂಗೈ ಚಾಚಿ ಎಲ್ಲ ಮೂಲೆಗೂ ಹಿಡಿದು ನೋಡಿದಳು. ಎಲ್ಲೂ ಚಳಿ ಸೋಂಕಲಿಲ್ಲ. "ಡಬ್ಬ್ಯಾಗ ಇಟ್ಟ ಉಂಡಿ ಆದ್ನೋ ನಾನು" ಎಂದಳು. ಅವಳಿಗೆ ಕುವೈತಿನಲ್ಲಿ ಮೊದಲ ಸಲ ಸ್ವಂತದ ಬಾಗಿಲು, ಸ್ವಂತದ ಚಿಲಕ ಸಿಕ್ಕಿತ್ತು.

ಆ ಜನವರಿಯಲ್ಲಿ ಕುವೈತಿಗೆ ಬಿದ್ದ ಚಳಿಯನ್ನು ಅಲ್ಲಿದ್ದವರು ಇಂದಿಗೂ ಮರೆತಿಲ್ಲ. ಬೆಳಿಗ್ಗೆ ಗಾಡಿಗಳ ಗಾಜಿನ ಮೇಲೆ ಬಿಳಿ ಹಿಮ ಕೂತಿರುತ್ತಿತ್ತು. ಬಾಳಾಸಾಹೇಬನ ಮನೆಯಿದ್ದ ಅಬ್ಬಾಸಿಯಾದಲ್ಲಿ ಜನ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಬಸ್ಸಿಗೆ ನಿಂತರು. ಎರಡು ಕಡೆ ಕೆಂಡದ ಹೊಗೆಗೆ ಜನ ಸತ್ತರೆಂದು ಸುದ್ದಿ ಬಂತು. ಬಾಳಾಸಾಹೇಬ ಸುದ್ದಿ ಕೇಳಿದಾಗಲೆಲ್ಲ ಅಕ್ಕನಿಗೆ ಫೋನ್ ಮಾಡುತ್ತಿದ್ದ.

"ಕೆಂಡ ಗಿಂಡ ತಂದಿಲ್ಲಲ್ಲ?"

"ಇಲ್ಲೋ ಮಾರಾಯಾ! ಹೀಟರ್ ಐತಿ. ಖೋಲಿ ಬೆಚ್ಚಗ ಐತಿ. ಬರೇ ತಲಿ ಒಂದು ಹಿಡಕೊಂಡೇತಿ, ಮುಂಜಾನಿ ಎದ್ದರ ಸುತ್ತಿಗಿ ಹೊಡದಂಗ."

"ಥಂಡಿ ತಲಿಗೆ ಏರೇತಿ. ಸ್ಕಾರ್ಫ್ ಕಟ್ಟಿಕೋ."

ಒಂದು ಶುಕ್ರವಾರ ಕಲ್ಲವ್ವ ರಜೆ ಪಡೆದು ಅಬ್ಬಾಸಿಯಾಕ್ಕೆ ಬಂದಳು. ಬಾಳಾಸಾಹೇಬನ ಹೆಂಡತಿ ಶೈಲಾ ಬಾಗಿಲು ತೆಗೆದವಳೇ ನಕ್ಕಳು. "ಯಕ್ಕಾ, ಗ್ಯಾರೇಜು ಮೈಗೆ ಹತ್ತಿದಂಗ ಕಾಣತೈತಿ. ಕೆನ್ನಿ ನೋಡ್ರಿ, ಹೊಸ ಮದಲಗಿತ್ತಿ ಹಂಗ ಕೆಂಪಾಗ್ಯಾವ!"

ಬಾಳಾಸಾಹೇಬ ಕೈಯಲ್ಲಿದ್ದ ಚಹಾ ಬಸಿ ಕೆಳಗಿಟ್ಟು ಎದ್ದ. ಅಕ್ಕನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದ. ಬಸ್ಸಿಳಿದು ಚಳಿಗಾಳಿಯಲ್ಲಿ ನಡೆದು ಬಂದ ಕೆಂಪು, ಅಷ್ಟೇ, ಎಂದುಕೊಂಡ. ಆದರೂ ಕೇಳಿದ.

"ಹೀಟರಿನ ವಾಯರ್ ಸುಟ್ಟ ವಾಸನಿ ಬರತೈತೇನು?"

"ಇಲ್ಲ."

"ನಿದ್ದಿ?"

"ಮಸ್ತ್ ಬರತೈತಿ. ಮುಂಜಾನಿ ಡ್ರೈವರ್ ಬೀರಾನ್ ಗಾಡಿ ಚಾಲೂ ಮಾಡಿ ದೀಪಾ ಹಚ್ಚತಾನ ನೋಡು, ಖೋಲಿ ತುಂಬ ಬೆಳಕು. ಎಲ್ಲಾರ ಮನ್ಯಾಗ ಸೂರ್ಯಾ ಮೂಡತಾನ, ನನ್ನ ಕಿಟಕ್ಯಾಗ ಗಾಡಿ ಮೂಡತೈತಿ" ಎಂದು ಕಲ್ಲವ್ವ ನಕ್ಕಳು. ಎಲ್ಲರೂ ನಕ್ಕರು. ಊಟದ ಹೊತ್ತಿಗೆ ಅವಳ ತಲೆನೋವು ಪೂರ್ತಿ ಇಳಿದಿತ್ತು. "ನಿಮ್ಮನಿ ಹವಾನ ಛಲೋ" ಎಂದಳು.

ಸಂಜೆ ಬಾಳಾಸಾಹೇಬ ಅವಳನ್ನು ಸಲ್ವಾಕ್ಕೆ ಬಿಡಲು ಹೋದವನು ಕೋಣೆಯನ್ನೊಮ್ಮೆ ನೋಡಿದ. ಹೀಟರ್ ಸರಿಯಿತ್ತು, ವಾಯರ್ ತಣ್ಣಗಿತ್ತು. ಅಭ್ಯಾಸಬಲದಿಂದ ಕಿಟಕಿಯ ಹಳಿಯ ಮೇಲೆ ಬೆರಳಾಡಿಸಿದ. ಕದ ಸರಿಯುವ ಸಂದಿನಲ್ಲಿ, ಕೋಣೆಯ ಒಳಗಿನ ಕಡೆಗೆ, ಕಾಡಿಗೆ ಎಳೆದ ಹಾಗೆ ಒಂದು ಕಪ್ಪು ಗೆರೆ ಇತ್ತು. ಮರಳಿನ ದೂಳು ಹಳದಿ ಇರುತ್ತದೆ, ಇದು ಕಪ್ಪು. ಗ್ಯಾರೇಜಿನ ಕೊಳೆ ಇರಬೇಕೆಂದು ಚಿಂದಿಯಲ್ಲಿ ಒರೆಸಿ ಹಾಕಿದ. ಮನೆಗೆ ಬರುವ ದಾರಿಯುದ್ದಕ್ಕೂ ಆ ಗೆರೆ ಮನಸ್ಸಿನಲ್ಲಿ ಕೊರೆಯಿತು. ಏನೆಂದು ಹೊಳೆಯಲಿಲ್ಲ.

ಎರಡು ದಿನದ ಮೇಲೆ, ಬೆಳಿಗ್ಗೆ ಹೊಳೆಯಿತು.

ಅವನು ಬಚ್ಚಲಿನಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದ. ಚಳಿಯೆಂದು ಫ್ಲ್ಯಾಟಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಬಿಸಿನೀರಿನ ಹಬೆ ಹೋಗಲೆಂದು ಎಕ್ಸಾಸ್ಟ್ ಫ್ಯಾನ್ ಹಾಕಿದ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಶೈಲಾ ಒಣಮೆಣಸಿನಕಾಯಿ ಒಗ್ಗರಣೆಗೆ ಹಾಕಿದಳು. ಆ ಘಾಟು ಅಡುಗೆಮನೆಯಿಂದ ಹೊರಟು, ನಡುಮನೆ ದಾಟಿ, ಬಚ್ಚಲಿನ ಬಾಗಿಲ ಸಂದಿನಿಂದ ನುಗ್ಗಿ ನೇರ ಅವನ ಮೂಗಿಗೆ ಬಡಿಯಿತು. ಕೆಮ್ಮು ಒತ್ತರಿಸಿ ಬಂತು.

"ಫ್ಯಾನ್ ಬಂದ್ ಮಾಡ್ರಿ! ಎಲ್ಲಾ ಘಾಟು ಅತ್ಲಾಗ ಜಗ್ಗಾಕತ್ತೇತಿ" ಎಂದು ಶೈಲಾ ಒಳಗಿಂದ ಕೂಗಿದಳು.

ಬಾಳಾಸಾಹೇಬ ಸ್ವಿಚ್ಚಿಗೆ ಕೈ ಹಾಕಿದವನು ಹಾಗೇ ನಿಂತುಬಿಟ್ಟ. ಫ್ಯಾನು ಗಾಳಿಯನ್ನು ಹೊರಗೆ ತಳ್ಳುತ್ತದೆ. ತಳ್ಳಿದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಅಕ್ಕನ ಕೋಣೆಯಲ್ಲಿ ಅವನು ಎಲ್ಲ ಸಂದುಗಳನ್ನೂ ಮುಚ್ಚಿದ್ದ. ಬಿಟ್ಟದ್ದು ಒಂದೇ ಕಿಟಕಿ, ಅದೂ ಗ್ಯಾರೇಜಿನ ಕಡೆಗೆ. ಬೀರಾನ್ ಬೆಳಿಗ್ಗೆ ಗಾಡಿ ಚಾಲೂ ಮಾಡುತ್ತಾನೆ. ಕಲ್ಲವ್ವ ಅದೇ ಹೊತ್ತಿಗೆ ಎದ್ದು, ಫ್ಯಾನ್ ಹಾಕಿ, ಸ್ನಾನಕ್ಕೆ ಹೋಗುತ್ತಾಳೆ. ಸ್ನಾನ ಮಾಡದೆ ಅವಳು ಒಲೆ ಮುಟ್ಟುವವಳಲ್ಲ. ಕಪ್ಪು ಗೆರೆ ಕೊಳೆಯಲ್ಲ, ಹೊಗೆ ಬಂದ ದಾರಿ. ಕೆಂಡವನ್ನು ಬಾಗಿಲಾಚೆ ಹಾಕಿ, ಇಡೀ ಎಂಜಿನ್ನನ್ನೇ ಅಕ್ಕನ ತಲೆದಿಂಬಿಗೆ ತಂದಿಟ್ಟಿದ್ದ ಅವನು.

ಸೋಪು ಮೆತ್ತಿದ ಕೈಯಲ್ಲೇ ಫೋನ್ ಎತ್ತಿದ. ಕಲ್ಲವ್ವನ ಫೋನು ರಿಂಗಾಯಿತು, ಆಗುತ್ತಲೇ ಇತ್ತು. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ.

"ಏನಾತ್ರಿ? ಮುಖಾ ಯಾಕ ಹಿಂಗಾತು?" ಎಂದು ಶೈಲಾ ಸೌಟು ಹಿಡಿದೇ ಓಡಿ ಬಂದಳು.

"ಅಕ್ಕಗ ಫೋನ್ ಹಚ್ಚಿಕೋತನ ಇರು. ಎತ್ತಿದ್ಲಂದ್ರ ಫ್ಯಾನ್ ಬಂದ್ ಮಾಡಿ ಹೊರಗ ಓಡು ಅನ್ನು" ಎಂದವನೇ ಬನಿಯನ್ನಿನ ಮೇಲೆ ಕೋಟು ಸಿಕ್ಕಿಸಿಕೊಂಡು ಮೆಟ್ಟಿಲಿಳಿದ.

ವ್ಯಾನು ಚಳಿಗೆ ಕೆಮ್ಮಿ ಕೆಮ್ಮಿ ಚಾಲೂ ಆಯಿತು. ಆರನೇ ರಿಂಗ್ ರೋಡಿಗೆ ಏರುತ್ತ ಅವನು ಬೀರಾನನಿಗೆ ಫೋನ್ ಮಾಡಿದ. ಬೀರಾನ್ ಉಳ್ಳಾಲದವನು, ಆ ಮನೆಯ ಡ್ರೈವರು.

"ಎಂತ ಭಾಯಿ, ಬೆಳಿಗ್ಗೆ ಬೆಳಿಗ್ಗೆ?"

"ಬೀರಾನ್, ನೀ ಎಲ್ಲಿದ್ದೀಯಪಾ?"

"ಮಕ್ಕಳನ್ನು ಶಾಲೆಗೆ ಬಿಡ್ಲಿಕ್ಕೆ ಬಂದದ್ದು. ಇಲ್ಲಿ ಟ್ರಾಫಿಕ್ ಅಂದ್ರೆ ಟ್ರಾಫಿಕ್."

"ಹಳೇ ಗಾಡಿ?"

ಯಜಮಾನನ ತಂದೆಯ ಕಾಲದ ಒಂದು ದೊಡ್ಡ ಅಮೆರಿಕನ್ ಗಾಡಿ ಆ ಮನೆಯಲ್ಲಿತ್ತು. ಚಳಿಗಾಲದಲ್ಲಿ ಮರುಭೂಮಿಯ ಡೇರೆಗೆ ಹೋಗಲು ಯಜಮಾನನಿಗೆ ಅದೇ ಬೇಕು.

"ಅದು ಮನೆಯಲ್ಲೇ ಉಂಟು. ಈ ಚಳಿಗೆ ದಿನಾ ಬಿಸಿ ಮಾಡದಿದ್ರೆ ಸ್ಟಾರ್ಟ್ ಆಗುದಿಲ್ಲ ಮಾರಾಯ್ರೆ. ಚಾಲೂ ಮಾಡಿ ಇಟ್ಟು ಬಂದಿದ್ದೇನೆ. ಹೋಗಿ ಆಫ್ ಮಾಡುದು."

"ಶಟರ್ ತಗದೀಯೋ ಹಾಕೀಯೋ?"

"ಹಾಕಿದ್ದು. ತೆಗೆದಿಟ್ರೆ ಹೊಗೆ ಬರ್ತದೆ ಅಂತ ಆ ಹಾಜಿ ಬೊಬ್ಬೆ ಹೊಡಿತಾರಲ್ಲ... ಯಾಕೆ ಭಾಯಿ? ಎಂತ ಆಯ್ತು?"

ಬಾಳಾಸಾಹೇಬ ಫೋನಿಗೆ ಕೂಗಿದ. "ಅಕ್ಕ ಒಳಗದಾಳ. ಹೊಗಿ ಎಲ್ಲಾ ಅಕಿ ಖೋಲ್ಯಾಗ ಹೊಂಟೇತಿ. ಬಾಬಾಗ ಫೋನ್ ಮಾಡು, ಎಬ್ಬಿಸು, ಶಟರ್ ತಗಸು!"

ಫೋನಿನ ಆಚೆ ಕಡೆಯಿಂದ "ಯಾ ಅಲ್ಲಾ" ಎಂದು ಬೀರಾನನ ಕುಗ್ಗಿದ ದನಿ.

ದಾರಿಯಲ್ಲಿ ಗಾಡಿಗಳು ಒಂದರ ಹಿಂದೆ ಒಂದು ತೆವಳುತ್ತಿದ್ದವು. ಎದುರಿನ ಪ್ರತಿ ಗಾಡಿಯ ಹಿಂಬದಿಯಿಂದಲೂ ಬೆಳ್ಳಗೆ ಹೊಗೆ ಏಳುತ್ತಿತ್ತು. ಇಷ್ಟು ವರ್ಷ ಅದೇ ದಾರಿಯಲ್ಲಿ ಅದೇ ಹೊಗೆ ನೋಡಿದ್ದ. ಇಂದು ಪ್ರತಿಯೊಂದೂ ಅವನ ಅಕ್ಕನ ಬಾಯಿಗೆ ಹೋಗುತ್ತಿರುವಂತೆ ಕಂಡಿತು. ಹಾರ್ನ್ ಒತ್ತಿದ, ಬದಿಯ ಮರಳಿಗೆ ಇಳಿಸಿ ನುಗ್ಗಿದ, ಬೈಸಿಕೊಂಡ. ಮತ್ತೆ ಬೀರಾನನ ಫೋನು. ಬಾಬಾ ಎತ್ತುತ್ತಿಲ್ಲ, ಮಲಗಿರಬೇಕು. ಮಾಮಾಳ ಫೋನು ಸ್ವಿಚ್ ಆಫ್ ಆಗಿದೆ. ಶೈಲಾಳ ಫೋನು. ಅಕ್ಕ ಇನ್ನೂ ಎತ್ತಿಲ್ಲ. ಬಾಳಾಸಾಹೇಬನ ಬಾಯಲ್ಲಿ ದೇವರ ಹೆಸರು ಬರಲಿಲ್ಲ. "ಫ್ಯಾನ್ ಹಾಕಬ್ಯಾಡ ಯವ್ವಾ, ಫ್ಯಾನ್ ಹಾಕಬ್ಯಾಡ" ಎಂಬುದಷ್ಟೇ ಬಂತು.

ಸಲ್ವಾದ ಬೀದಿ ನಿಶ್ಶಬ್ದವಾಗಿತ್ತು. ಗ್ಯಾರೇಜಿನ ಶಟರ್ ನೆಲಕ್ಕೆ ಅಂಟಿಕೊಂಡಿತ್ತು. ಒಳಗಿನಿಂದ ಎಂಜಿನ್ನಿನ ಗುರ್ ಎಂಬ ಸದ್ದು, ಒಂದೇ ಸಮನೆ, ಯಾವ ಅವಸರವೂ ಇಲ್ಲದ ಹಾಗೆ. ಅದು ವಿದ್ಯುತ್ತಿನ ಶಟರ್. ರಿಮೋಟ್ ಒಂದು ಬೀರಾನನ ಹತ್ತಿರ, ಇನ್ನೊಂದು ಮನೆಯೊಳಗೆ. ಬಾಳಾಸಾಹೇಬ ಎರಡೂ ಕೈಯಿಂದ ಶಟರ್ ಗುದ್ದಿದ, ಗೇಟು ಗುದ್ದಿದ, ವ್ಯಾನಿನ ಹಾರ್ನ್ ಒತ್ತಿ ಹಿಡಿದ. ಮೊದಲು ತೆರೆದದ್ದು ಪಕ್ಕದ ಮನೆಯ ಬಾಗಿಲು. ಹಾಜಿ ಕೋಲೆತ್ತಿಕೊಂಡು ಬೈಯುತ್ತ ಬಂದ. ಆಮೇಲೆ ಅಬು ಮಿಶಾರಿ, ಮಲಗುವ ಉಡುಪಿನಲ್ಲಿ, ಬರಿಗಾಲಿನಲ್ಲಿ ಓಡಿ ಬಂದ.

"ಗ್ಯಾರೇಜ್! ಇಫ್ತಹ್! ಕಲ್ಲವ್ವ, ಮೌತ್!" ಬಾಳಾಸಾಹೇಬನಿಗೆ ಬಂದ ಅರಬ್ಬಿ ಅಷ್ಟೇ. ತೆಗೆ, ಸಾವು.

ಅಬು ಮಿಶಾರಿ ಒಳಗೆ ಓಡಿದ. ಶಟರ್ ಮೆಲ್ಲಗೆ, ನೋಡುವವನ ಜೀವ ಹೋಗುವಷ್ಟು ಮೆಲ್ಲಗೆ ಏಳತೊಡಗಿತು. ಅದು ಮೊಣಕಾಲಿನ ಮಟ್ಟಕ್ಕೆ ಬರುತ್ತಲೇ ಬಾಳಾಸಾಹೇಬ ಬಗ್ಗಿ ಒಳನುಗ್ಗಿದ. ಕಣ್ಣು ಉರಿಯಿತು. ಗಾಡಿಯೊಳಗೆ ಕೈ ಹಾಕಿ ಕೀಲಿ ತಿರುಗಿಸಿದ. ಎಂಜಿನ್ ನಿಂತಿತು. ಆ ಮೌನದಲ್ಲಿ ಇನ್ನೊಂದು ಸದ್ದು ಕೇಳಿಸಿತು. ಅಡ್ಡಗೋಡೆಯ ಆಚೆ, ಅವನು ತನ್ನ ಕೈಯಿಂದ ಕೂಡಿಸಿದ ಫ್ಯಾನು ತಿರುಗುತ್ತಿತ್ತು. ಕಿಟಕಿಯ ಕದ ಒಂದು ಗೇಣು ಸರಿದಿತ್ತು, ಅವನು ತೋರಿಸಿಕೊಟ್ಟಿದ್ದಷ್ಟೇ.

ಕದವನ್ನು ಪೂರ್ತಿ ಸರಿಸಿ ಒಳಗೆ ಹಾರಿದ. ಕಲ್ಲವ್ವ ಬಚ್ಚಲಿನ ಹೊಸ್ತಿಲ ಮೇಲೆ ಬಿದ್ದಿದ್ದಳು. ಸೀರೆ ಉಟ್ಟಿದ್ದಳು, ಕೂದಲು ಒದ್ದೆ, ತಲೆ ಇನ್ನೂ ಬಾಚಿರಲಿಲ್ಲ. ಕೆನ್ನೆ ಕೆಂಪಗಿತ್ತು. ಆ ಕೆಂಪು ಕಂಡು ಬಾಳಾಸಾಹೇಬ ಓಡಿ ಹೋಗಿ ಅವಳ ಕಂಕುಳಿಗೆ ಕೈ ಹಾಕಿದ. ಅಬು ಮಿಶಾರಿ ಓಣಿಯ ಬಾಗಿಲನ್ನು ಹೆಗಲಿಂದ ಗುದ್ದಿ ಚಿಲಕ ಮುರಿದು ಬಂದ. ಇಬ್ಬರೂ ಸೇರಿ, ಒಬ್ಬ ತಲೆ ಕಡೆ, ಒಬ್ಬ ಕಾಲು ಕಡೆ ಹಿಡಿದು, ಹೊರಗಿನ ಬಯಲಿಗೆ ತಂದು ಮಲಗಿಸಿದರು.

"ಯಕ್ಕಾ, ಏ ಯಕ್ಕಾ! ಕಣ್ಣು ತಗೀ. ನಾನು ಬಾಳು."

ಅವಳ ಎದೆ ಏಳಲಿಲ್ಲ ಎಂದೇ ಅವನಿಗೆ ಕಂಡಿತು. ಹಾಜಿ ಕೋಲು ಬಿಸಾಡಿ ಬಗ್ಗಿ ಅವಳ ಮೂಗಿನ ಹತ್ತಿರ ಕನ್ನಡಕದ ಗಾಜು ಹಿಡಿದ. ಗಾಜಿನ ಮೇಲೆ ತೆಳ್ಳಗೆ ಮಂಜು ಮೂಡಿತು. "ಹಯ್ಯಾ, ಹಯ್ಯಾ" ಎಂದ ಮುದುಕ. ಬದುಕಿದ್ದಾಳೆ.

ಆಸ್ಪತ್ರೆಯಲ್ಲಿ ಅವಳ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿದರು. ಬಾಳಾಸಾಹೇಬ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಬೀರಾನ್ ಬಂದು ಪಕ್ಕದಲ್ಲಿ ಕೂತ.

"ನನ್ನನ್ನು ಒಳಗೆ ಹಾಕ್ತಾರಾ ಭಾಯಿ? ಕಲ್ಲಕ್ಕ ನನಗೆ ದಿನಾ ಚಾಯ ಕೊಡುವವಳು. ನನಗೆ ಗೊತ್ತಿದ್ರೆ..."

"ನನಗರ ಎಲ್ಲಿ ಗೊತ್ತಿತ್ತಪಾ? ನೀ ಬರೇ ಗಾಡಿ ಚಾಲೂ ಮಾಡಿದಿ. ಹೊಗಿಗೆ ದಾರಿ ಮಾಡಿ ಕೊಟ್ಟಾಂವ ನಾನು."

ಮೈಸೂರು ಕಡೆಯ ಡಾಕ್ಟರಮ್ಮ ಒಬ್ಬರು ಹೊರಗೆ ಬಂದು ಕನ್ನಡದಲ್ಲೇ ಹೇಳಿದರು. "ಪ್ರಾಣಕ್ಕೆ ಅಪಾಯ ಇಲ್ಲ ಅನ್ಸುತ್ತೆ. ಆದ್ರೆ ತುಂಬಾ ದಿನದಿಂದ ಸ್ವಲ್ಪ ಸ್ವಲ್ಪವೇ ಹೊಗೆ ಕುಡಿದಿದ್ದಾರೆ. ಮೆದುಳಿಗೆ ಎಷ್ಟು ಪೆಟ್ಟಾಗಿದೆ ಅಂತ ಈಗಲೇ ಹೇಳಕ್ಕಾಗಲ್ಲ. ಕಾಯ್ಬೇಕು."

ಕಾಯುವ ದಿನಗಳಲ್ಲಿ ಸುಮ್ಮನೆ ಕೂರಲಾಗದೆ ಬಾಳಾಸಾಹೇಬ ಕಟ್ಟರ್ ಹಿಡಿದು ಸಲ್ವಾಕ್ಕೆ ಹೋದ. ಯಾರನ್ನೂ ಕೇಳಲಿಲ್ಲ. ಮೊದಲು ಅಡ್ಡಗೋಡೆಯ ಕಿಟಕಿ ಕಿತ್ತು, ಆ ಜಾಗಕ್ಕೆ ಬೋರ್ಡು ಹೊಡೆದು ಸಂದಿಗೆಲ್ಲ ಸಿಲಿಕಾನ್ ಮೆತ್ತಿದ. ಆಮೇಲೆ ಹಾಜಿಯ ಅಂಗಳದ ಕಡೆಯ ಗೋಡೆಗೆ, ತಲೆಗಿಂತ ಎತ್ತರದಲ್ಲಿ, ಚೌಕ ಎಳೆದು ಕೊರೆಯಲು ನಿಂತ. ಮಾಳಿಗೆಯ ಹತ್ತಿರ ಒಂದು, ಮೇಲಿನ ಅಂಚಿಗೆ ತಿರುಗಣಿ ಇದ್ದು ಹೊರಕ್ಕೆ ತೆರೆಯುವಂಥದ್ದು. ಅಂಥದ್ದಾದರೆ ಗಾಳಿ ಬರುತ್ತದೆ, ಕಣ್ಣು ಹಾಯುವುದಿಲ್ಲ, ಮಳೆಯೂ ಎರಚುವುದಿಲ್ಲ. ಗೋಡೆ ತೂತಾಗಿ ದೂಳು ಎದ್ದಾಗ, ಏಣಿಯ ಮೇಲಿದ್ದ ಅವನಿಗೆ ಆಚೆಯ ಅಂಗಳದಲ್ಲಿ ನಿಂತ ಹಾಜಿ ಕಾಣಿಸಿದ. ಬಾಳಾಸಾಹೇಬ ಕಟ್ಟರ್ ನಿಲ್ಲಿಸಿದ. ಅಬು ಮಿಶಾರಿಯೂ ಬಂದು ನಿಂತ. ಹಾಜಿ ಚೌಕವನ್ನು ನೋಡಿದ, ಬಾಳಾಸಾಹೇಬನನ್ನು ನೋಡಿದ. ಇನ್ನೂ ಸ್ವಲ್ಪ ದೊಡ್ಡದು ಮಾಡು ಎಂದು ಕೈಸನ್ನೆ ಮಾಡಿ ಒಳಗೆ ಹೋದ.

ಕೆಲಸ ಮುಗಿಸಿ ಬಾಳಾಸಾಹೇಬ ಒಂದು ತೆಳುವಾದ ಕಾಗದದ ಚೂರನ್ನು ದಾರಕ್ಕೆ ಕಟ್ಟಿ, ಫ್ಯಾನ್ ಹಾಕಿ, ಕಿಟಕಿಯ ಮುಂದೆ ಹಿಡಿದ. ಕಾಗದ ಒಳಕ್ಕೆ ಬಾಗಿತು. ಗಾಳಿ ಅಲ್ಲಿಂದಲೇ ಬರುತ್ತಿತ್ತು. ಅಂದಿನಿಂದ ಇಂದಿನವರೆಗೆ ಅವನು ಆ ಕಾಗದ ಹಿಡಿಯದೆ ಯಾವ ಕಿಟಕಿಯನ್ನೂ ಗಿರಾಕಿಗೆ ಒಪ್ಪಿಸಿಲ್ಲ.

ಕಲ್ಲವ್ವ ಆಸ್ಪತ್ರೆಯಿಂದ ಬಂದು ಕೆಲ ದಿನ ಅಬ್ಬಾಸಿಯಾದಲ್ಲಿ ಉಳಿದಳು. ತಮ್ಮನ ಗುರುತು ಹತ್ತಿತು, ಶೈಲಾಳ ಗುರುತು ಹತ್ತಿತು, ಊರಿನ ಓಣಿಯ ಹೆಸರುಗಳೆಲ್ಲ ನೆನಪಿದ್ದವು. ಮಾತು ತುಸು ನಿಧಾನ, ಅಷ್ಟೇ. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. ಆಮೇಲೆ ಅವಳು ತಾನೇ ಹಟ ಹಿಡಿದು ಸಲ್ವಾಕ್ಕೆ ಹೋದಳು. ಬಾಳಾಸಾಹೇಬ ಜೊತೆಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಮಾಮಾ ಅವಳನ್ನು ತಬ್ಬಿಕೊಂಡು, ಮೀನಿನ ಅನ್ನ ಮಾಡು, ನಿನ್ನ ಕೈಯದು ತಿಂದು ಬಹಳ ದಿನವಾಯಿತು ಎಂದಳು. ಆ ಮನೆಯ ಮಕ್ಕಳು ಅವಳ ಕೈಯ ಅನ್ನ ಉಂಡು ಬೆಳೆದವರು.

ಕಲ್ಲವ್ವ ಪಾತ್ರೆ ಇಟ್ಟಳು. ಗ್ಯಾಸಿನ ಕಿವಿ ತಿರುಗಿಸಿದಳು. ಕಡ್ಡಿ ಗೀರಲಿಲ್ಲ. ಉಪ್ಪಿನ ಡಬ್ಬಿ ಕೈಯಲ್ಲಿ ಹಿಡಿದು ನಿಂತಳು, ಒಂದು ಚಮಚ ಹಾಕಿದಳು, ಡಬ್ಬಿಯನ್ನು ನೋಡಿದಳು, ಮತ್ತೊಂದು ಚಮಚ ಹಾಕಿದಳು. ಗ್ಯಾಸಿನ ವಾಸನೆ ತುಂಬಿತು. ಅವಳ ಮೂಗಿಗೆ ಅದು ಬರುತ್ತಿರಲಿಲ್ಲ. ಮಾಮಾ ಚೀರಿ ಓಡಿ ಬಂದು ಗ್ಯಾಸ್ ಬಂದ್ ಮಾಡಿದಳು.

"ಬಾಳೂ" ಎಂದು ಕಲ್ಲವ್ವ ತಿರುಗಿದಳು, ಕಣ್ಣು ಅಗಲವಾಗಿದ್ದವು. "ಮುಂದೇನೋ ಇದಕ್ಕ? ಅಕ್ಕಿ ಮೊದಲೋ ಮೀನ ಮೊದಲೋ? ನನ್ನ ಕೈಗೆ ಗೊತ್ತಿತ್ತಲ್ಲೋ."

"ಇರಲಿ ಬಿಡವಾ. ನೆನಪಾಗತೈತಿ."

"ಅಂಜಿಕಿ ಬರಾಕತ್ತೇತಿ ನನಗ."

ಅವನಿಗೂ ಬರುತ್ತಿತ್ತು. ಅವಳ ಕೈಯಿಂದ ಉಪ್ಪಿನ ಡಬ್ಬಿ ತೆಗೆದುಕೊಂಡು ಕಟ್ಟೆಯ ಮೇಲಿಟ್ಟ.

ನೆನಪಾಗಲಿಲ್ಲ. ಬೇಸಿಗೆಯವರೆಗೂ ಕಾದು ನೋಡಿದರು. ಅಬು ಮಿಶಾರಿ ಅವಳ ಇಷ್ಟು ವರ್ಷದ ಸೇವೆಗೆ ಕೊಡಬೇಕಾದ್ದನ್ನು ಕಡಿಮೆ ಮಾಡದೆ ಕೊಟ್ಟು, ಟಿಕೆಟ್ ತೆಗೆಸಿದ. ವಿಮಾನ ನಿಲ್ದಾಣದವರೆಗೆ ಗಾಡಿ ಓಡಿಸಿದವನು ಬೀರಾನ್, ದಾರಿಯುದ್ದಕ್ಕೂ ಗಾಜು ಇಳಿಸಿಯೇ ಇಟ್ಟಿದ್ದ.

ಬಾಳಾಸಾಹೇಬನಿಗೆ ಅಕ್ಕ ಉಳಿದಳು. ಕಲ್ಲವ್ವನಿಗೆ ಜೀವ ಉಳಿಯಿತು. ಕೈಯಲ್ಲಿದ್ದ ಅಡುಗೆ ಹೋಯಿತು, ಮೂಗಿನ ವಾಸನೆ ಹೋಯಿತು, ಅವುಗಳ ಜೊತೆ ಅವಳ ಕುವೈತೂ ಹೋಯಿತು.